ನೊರೆ ಇಳಿಯಲಿ

ಹಾಲತ್ತೆ ಹಾಲು ಅಳೆಯುವುದನ್ನು ನೋಡಲು ತಾಳ್ಮೆ ಬೇಕಿತ್ತು. ಕ್ಯಾನಿನಿಂದ ಅಳತೆಯ ಪಾತ್ರೆಗೆ ಸುರಿದು, ನೊರೆ ಪೂರ್ತಿ ಇಳಿಯುವ ತನಕ ಕೈಬೀಸಿ ನೊಣ ಓಡಿಸುತ್ತ ಕೂರುವಳು; ಇಳಿದ ಮೇಲೆ ಕಡಿಮೆಬಿದ್ದಷ್ಟನ್ನು ತುಂಬಿ, ಆಮೇಲೆಯೇ ಬಗ್ಗಿಸುವಳು. ಹೊತ್ತಾಯಿತೆಂದು ಯಾರಾದರೂ ಗೊಣಗಿದರೆ, ನೊರೆ ಮಾರಿ ಬದುಕುವ ಗತಿ ತನಗಿನ್ನೂ ಬಂದಿಲ್ಲ ಎನ್ನುವಳು. ಎರಡು ಹಸು ಕಟ್ಟಿಕೊಂಡು ಬಾಳು ಸಾಗಿಸಿದ ಹೆಂಗಸಿಗೆ ಆ ಮಾತೇ ಆಸ್ತಿ.

ಬಸ್ ನಿಲ್ದಾಣದ ಎದುರಿನ ಕಾಫಿ ಅಂಗಡಿ ಅವಳ ಅಣ್ಣನದು. ಮಂಡಿನೋವೆಂದು ಅಣ್ಣ ಮನೆ ಹಿಡಿದ ಮೇಲೆ ಅವನ ಮಗ ಅಂಗಡಿಗೆ ಕುಳಿತ. ಕುಳಿತವನೇ ಹಳೆಯ ಹಂಡೆಯನ್ನು ಹಿತ್ತಲಿಗೆ ಹಾಕಿ, ರೈಲು ಇಂಜಿನ್ನಿನ ಮರಿಯಂಥ ಯಂತ್ರವೊಂದನ್ನು ತಂದು ಕೂರಿಸಿದ. ಅಲ್ಲಿಯ ತನಕ ಆ ಅಂಗಡಿಯಲ್ಲಿದ್ದುದು ಒಂದೇ ಕಾಫಿ. ಬೇಕಾದವರು ಸಕ್ಕರೆ ಜಾಸ್ತಿ ಎನ್ನುತ್ತಿದ್ದರು, ಅಷ್ಟೆ. ಈಗ ಗೋಡೆಯ ಹಲಗೆಯ ತುಂಬ ನಾಲಿಗೆ ಹೊರಳದ ಹೆಸರುಗಳು. ಹಾಲತ್ತೆ ಅದರ ಗೊಡವೆಗೆ ಹೋಗಲಿಲ್ಲ. ಸೋದರಳಿಯ ಏನಾದರೂ ಮಾಡಿಕೊಳ್ಳಲಿ, ಹಾಲಂತೂ ತನ್ನದೇ ತಾನೆ? ಅವನಿಗೆ ಕೆಲಸ ಹಗುರಾಗಲಿ ಎಂದು ಕರೆದ ಹಾಲನ್ನು ಒಲೆಯ ಮೇಲೆ ಬಿಸಿ ಮಾಡಿ, ಕ್ಯಾನಿಗೆ ಹಳೆಯ ಕಂಬಳಿ ಸುತ್ತಿ ತರತೊಡಗಿದಳು. ಬಿಸಿ ಕಾಫಿಗೆ ಬಿಸಿ ಹಾಲು.

ವಾರ ತುಂಬುವಷ್ಟರಲ್ಲಿ ಒಂದು ಬೆಳಿಗ್ಗೆ, ಬಸ್ ಡ್ರೈವರು ಮತ್ತು ಪಕ್ಕದಂಗಡಿಯ ಟೈಲರು ಕುಳಿತಿರುವಂತೆಯೇ, ಅಳಿಯ ಪುಟ್ಟದೊಂದು ಜಗ್ಗನ್ನು ಅವಳ ಮೂಗಿನ ಹತ್ತಿರ ಹಿಡಿದ.

"ಅತ್ತೆ, ನೊರೆನೇ ನಿಲ್ತಿಲ್ಲ. ನೀರೇನಾದ್ರೂ ಸೇರಿಸಿದ್ದೀಯಾ?"

ಟೈಲರನ ಕೈಯ ಲೋಟ ಬಾಯಿಯವರೆಗೆ ಹೋಗದೆ ನಿಂತಿತು. ಹಾಲತ್ತೆಗೆ ಮೈಯೆಲ್ಲ ಉರಿಯಿತು. ಕ್ಯಾನನ್ನು ನೆಲಕ್ಕಿಟ್ಟು, ಬೆಂಚಿನ ಮೇಲೆ ಬೇರು ಬಿಟ್ಟವಳಂತೆ ಕುಳಿತಳು. ಯಾವ ಕಾಫಿಗೆ ಎಷ್ಟು ಹಾಲು, ಎಷ್ಟು ನೊರೆ, ತನಗೆ ತೋರಿಸಬೇಕು. ಹಲಗೆಯ ಮೇಲಿನದೆಲ್ಲ ಒಂದೊಂದಾಗಿ ಬರಲಿ ಎಂದಳು.

ಮೊದಲು ಎಸ್ಪ್ರೆಸೊ ಬಂತು. ಮಕ್ಕಳಾಟದ ಬಟ್ಟಲಿನಷ್ಟು ಪುಟ್ಟ ಕಪ್, ತಳದಲ್ಲಿ ಕಪ್ಪಗೆ ಒಂದು ಗುಟುಕು. ಉಳಿದದ್ದೆಲ್ಲಿ ಎಂದು ಅವಳು ಕೇಳಿದಳು. ಅಷ್ಟೇ ಎಂದ ಅಳಿಯ. ನಾಲಿಗೆಗೆ ತಾಗಿಸಿದಳು, ಮುಖ ಹಿಂಡಿದ ನಿಂಬೆಯಾಯಿತು. ಮುಂದಿನದು ಅಮೆರಿಕಾನೊ. ಅದೇ ಕಪ್ಪು ಗುಟುಕಿನ ಮೇಲೆ ಅಳಿಯ ದೊಡ್ಡ ಲೋಟದ ತುಂಬ ಬಿಸಿನೀರು ಸುರಿದ. ಹಾಲತ್ತೆ ಕಣ್ಣು ಪಿಳುಕಿಸಲಿಲ್ಲ.

"ನೀನು ಎಲ್ಲರೆದುರಿಗೆ ನೀರು ಹುಯ್ದರೆ ಅದಕ್ಕೊಂದು ಹೆಸರು, ಒಂದು ಲೋಟ. ನಾನು ಹುಯ್ಯದೇ ಇದ್ರೂ ಕಳ್ಳಿ ಅಲ್ವೇನೋ?"

ಡ್ರೈವರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಟೈಲರು ಅವನ ಬೆನ್ನು ತಟ್ಟಿದ.

ಆಮೇಲೆ ಲಾಟೆ. ಅದರಲ್ಲಿ ಹಾಲೇ ಹೆಚ್ಚು; ಕುಡಿದಾಗ ತನ್ನ ಕೆಂದ ಹಸುವಿನ ಹಾಲಿನ ರುಚಿ ನಾಲಿಗೆಗೆ ಸಿಕ್ಕಿ ಅವಳ ಹುಬ್ಬು ಕೊಂಚ ಸಡಿಲವಾಯಿತು. ಕೊನೆಯದು ಕ್ಯಾಪುಚಿನೊ: ಮೇಲಿನ ಮೂರರಲ್ಲೊಂದು ಪಾಲು ಬರೀ ನೊರೆಯಂತೆ. ಅಳಿಯ ಯಂತ್ರದ ಕೊಳವೆಯನ್ನು ಅವಳ ಹಾಲಿನಲ್ಲಿ ಅದ್ದಿದ. ಅದು ಕಿರುಚಿತು, ಬಟ್ಟೆ ಒಗೆದ ನೀರಿನಂತೆ ದಪ್ಪ ಗುಳ್ಳೆಗಳೆದ್ದವು, ಹಾಗೆಯೇ ಒಡೆದುಹೋದವು. ಅವನು ಫ್ರಿಡ್ಜಿನಿಂದ ಪ್ಯಾಕೆಟ್ ಹಾಲು ತೆಗೆದು ಅದಕ್ಕೂ ಹಾಗೆಯೇ ಮಾಡಿದ. ನೊರೆ ಬೆಣ್ಣೆಯಂತೆ ನಿಂತಿತು.

ಟೈಲರು ತನ್ನ ಚಪ್ಪಲಿ ನೋಡಿಕೊಂಡ. ಹಾಲತ್ತೆ ಬೆಂಚಿನಿಂದ ಎದ್ದಳು. ಇಷ್ಟು ವರ್ಷ ಉಳಿಸಿಕೊಂಡ ಮಾತು ಒಂದು ಪ್ಯಾಕೆಟ್ಟಿನ ಎದುರು ಬಿದ್ದುಹೋಯಿತೇ? ಕೋಪಕ್ಕೆ ಆ ಪ್ಯಾಕೆಟ್ಟನ್ನು ಎತ್ತಿ ಎಸೆಯಲು ಹೋದವಳು ಹಾಗೇ ಹಿಡಿದುಕೊಂಡಳು. ಕೈಗೆ ಥಣ್ಣಗೆ ಕೊರೆಯಿತು. ತನ್ನ ಕ್ಯಾನಿಗೆ ಸುತ್ತಿದ್ದ ಕಂಬಳಿಯ ಕಡೆ ನೋಡಿದಳು.

ತನ್ನ ಹಾಲನ್ನೂ ಆ ಪೆಟ್ಟಿಗೆಯೊಳಗಿಡು ಎಂದಳು. ಅದು ತಣ್ಣಗಾಗಲು ಬಹಳ ಹೊತ್ತು ಬೇಕು, ಮನೆಗೆ ಹೋಗಿ ಬಾ ಎಂದ ಅಳಿಯ. ಅವಳು ಅಲ್ಲಾಡಲಿಲ್ಲ. ಕಂಡಕ್ಟರನ ಸೀಟಿ ಕೇಳಿ ಏಳುತ್ತಿದ್ದ ಡ್ರೈವರಿಗೆ, ವಾಪಸ್ ಟ್ರಿಪ್ಪಿಗೆ ಇಲ್ಲಿಯೇ ಇಳಿಯಬೇಕೆಂದು ಅಪ್ಪಣೆ ಮಾಡಿದಳು. ಕಳ್ಳಿ ಎಂದದ್ದನ್ನು ಕೇಳಿದ ಕಿವಿಗಳೆಲ್ಲ ಉಳಿದದ್ದನ್ನೂ ಕೇಳಬೇಕು. ಕಂಬಳಿಯನ್ನು ಬಿಚ್ಚಿ ಮಡಿಸಿ, ಯಾರಿಗೂ ಕಾಣದಂತೆ ಅದರ ಮೇಲೆ ಕುಳಿತಳು.

ಮಧ್ಯಾಹ್ನ ಡ್ರೈವರು ಬಂದ. ಟೈಲರೂ ಅಂಗಡಿ ಬಿಟ್ಟು ಬಂದ. ಅಳಿಯ ಜಗ್ಗಿಗೆ ಅವಳ ಹಾಲು ಬಗ್ಗಿಸಿ ಕೊಳವೆ ಅದ್ದಿದ. ಈ ಸಲ ಅದು ಕಿರುಚಲಿಲ್ಲ, ಗುಟ್ಟು ಹೇಳುವಂತೆ ಪಿಸುಗುಟ್ಟಿತು. ನೊರೆ ಜಗ್ಗಿನ ಅಂಚು ದಾಟಿ ಮೆಲ್ಲಗೆ ಉಬ್ಬಿತು. ಪ್ಯಾಕೆಟ್ಟಿನದಕ್ಕಿಂತ ಗಟ್ಟಿ.

"ನೀರಿಲ್ಲ, ಅತ್ತೆ," ಎಂದ ಅಳಿಯ, ಕಪ್ ಒರೆಸುತ್ತ.

"ಬೆಳಿಗ್ಗೆ ನೀನು ಇದಕ್ಕಿಂತ ಜೋರಾಗಿ ಹೇಳಿದ್ದೆ."

ಅವನು ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ಅತ್ತೆಯ ಹಾಲಿನಲ್ಲಿ ನೀರಿಲ್ಲ, ತಪ್ಪು ತನ್ನದು ಎಂದು ಡ್ರೈವರಿಗೂ ಟೈಲರಿಗೂ ಕೇಳುವಂತೆ ಹೇಳಿದ. ನಾಳೆಯಿಂದ ಹಾಲು ತಣ್ಣಗೆ ತಾ ಎಂದು ಮೆತ್ತಗೆ ಸೇರಿಸಿದ. ಅವಳು ಹೂಂ ಎಂದಳು.

ಕ್ಯಾಪುಚಿನೊ ಅವಳ ಮುಂದೆ ಬಂತು. ಹಾಲತ್ತೆ ಮುಟ್ಟಲಿಲ್ಲ. ಕೈಬೀಸಿ ನೊಣ ಓಡಿಸುತ್ತ ಕುಳಿತಳು. ಆರುತ್ತದೆ ಅತ್ತೆ ಎಂದ ಅಳಿಯ, ಆರಲಿ ಎಂದಳು. ಬಲು ಹೊತ್ತಿಗೆ ನೊರೆ ಕುಸಿಯಿತು, ಕಾಫಿ ಕಪ್ಪಿನ ಅಂಚಿನಿಂದ ಎರಡು ಬೆರಳು ಕೆಳಗಿಳಿಯಿತು. ಅವಳು ಕಪ್ಪನ್ನು ಮುಂದಕ್ಕೆ ತಳ್ಳಿದಳು.

"ಈಗ ತುಂಬಿಸು."

ಅದು ಇರುವುದೇ ಹಾಗೆ ಎನ್ನಲು ಅಳಿಯ ಬಾಯಿ ತೆರೆದ. ಡ್ರೈವರನ್ನು ನೋಡಿದ, ಟೈಲರನ್ನು ನೋಡಿದ. ಬಾಯಿ ಮುಚ್ಚಿ, ಹಾಲಿನ ಜಗ್ಗು ಎತ್ತಿಕೊಂಡ.