ವಾಗ್ದಾನದ ಡಬ್ಬಿಯ ತೂಕ

ಮುಚ್ಚಳ ಸರಿಯಾಗಿ ಕೂತಿಲ್ಲ, ಒಂದು ಮೂಲೆ ಕೂದಲೆಳೆಯಷ್ಟು ಮೇಲೆದ್ದಿದೆ, ನಿನ್ನೆ ಬೆಳಿಗ್ಗೆ ತಾನೇ ಒತ್ತಿ ಮುಚ್ಚಿದ್ದ, ಟಕ್ ಅಂದಿತ್ತು, ಆ ಸದ್ದು ಚೆನ್ನಾಗಿ ನೆನಪಿದೆ — ಅಂದರೆ ಯಾರೋ ತೆರೆದಿದ್ದಾರೆ, ಯಾರೋ ಅಂತ ಯಾಕೆ ಸುತ್ತಿ ಬಳಸಿ ಹೇಳಬೇಕು, ಮನೆಯಲ್ಲಿ ಈಗ ಇರುವವರು ಮೂವರು, ಅದರಲ್ಲಿ ತಾನೊಬ್ಬ, ಉಳಿದಿಬ್ಬರು ಹೆಂಡತಿ, ಚಿಕ್ಕ ಮಗಳು, ಇಬ್ಬರೂ ಅಡುಗೆಮನೆಯಲ್ಲಿ ಗುಸುಗುಸು ಅನ್ನುತ್ತಿದ್ದರು, ಅವನು ಕುರ್ಚಿ ಎಳೆದದ್ದೇ ತಡ ಗಪ್‌ಚಿಪ್. ಯಾಕೆ? ಸೋಪು ಮುಗಿದಿದೆ ಅಂತ ಮಾತಾಡುವವರು ಮನೆಯ ಯಜಮಾನ ಬಂದನೆಂದು ಬಾಯಿ ಮುಚ್ಚಿಕೊಳ್ಳುತ್ತಾರೆಯೇ? ಮೇಜಿನ ನಡುವೆ ಡಬ್ಬಿ, ಅವನ ಮದುವೆಗೆ ಚರ್ಚಿನ ಅಂದಿನ ಸಭಾಪಾಲಕರು ಉಡುಗೊರೆ ಕೊಟ್ಟ ತಗಡಿನ ವಾಗ್ದಾನದ ಡಬ್ಬಿ, ಒಳಗೆ ಬೆರಳುದ್ದದ ರಟ್ಟಿನ ಚೀಟಿಗಳು, ಒಂದೊಂದರ ಮೇಲೂ ದೇವರ ವಾಕ್ಯ, ಬೆಳಿಗ್ಗೆ ತಿಂಡಿಗೆ ಮುಂಚೆ ಕಣ್ಣು ಮುಚ್ಚಿ ಒಬ್ಬೊಬ್ಬರೂ ಒಂದೊಂದು ಎತ್ತಬೇಕು, ಗಟ್ಟಿಯಾಗಿ ಓದಬೇಕು, ಮತ್ತೆ ಒಳಗೆ ಹಾಕಬೇಕು, ಆ ದಿನಕ್ಕೆ ಅದೇ ಮಾತು. ಇಷ್ಟು ವರ್ಷ ಅದರ ಮುಚ್ಚಳವನ್ನು ಅವನು ಹೀಗೆ ಬಗ್ಗಿ ನೋಡಿದವನಲ್ಲ. ನೋಡುವ ಕಾಲ ಬಂದಿದೆ.

ನೋಡುವುದೇ ಅವನ ಕೆಲಸ. ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರ್, ಮಾರುಕಟ್ಟೆಯಲ್ಲಿ ತಕ್ಕಡಿ ಸಾಹೇಬ್ರು, ಅವನು ಬೀದಿಯ ಆ ತುದಿಗೆ ಕಾಲಿಟ್ಟರೆ ಈ ತುದಿಯ ಅಂಗಡಿಯವನಿಗೆ ಸುದ್ದಿ ಮುಟ್ಟಿರುತ್ತದೆ, ಆದರೂ ಸಿಕ್ಕಿಬೀಳುತ್ತಾರೆ, ತೂಕದ ಬಟ್ಟಿನ ತಳದ ಸೀಸ ಕೆರೆದು ಹಗುರ ಮಾಡಿದವರು, ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದವರು, ಅದೆಲ್ಲ ಬುದ್ಧಿ ಖರ್ಚು ಮಾಡಿದ ಮೋಸ, ಅದಕ್ಕಿಂತ ಸುಲಭದ್ದು ಹೆಬ್ಬೆರಳು — ಗಿರಾಕಿಯ ಮುಖ ನೋಡುತ್ತಾ ಮಕ್ಕಳು ಚೆನ್ನಾಗಿದ್ದಾರಾ ಅಂತ ಕೇಳುತ್ತಾ ತಟ್ಟೆಯ ಅಂಚಿನ ಮೇಲೆ ಮೆತ್ತಗೆ ಕೂರುವ ಹೆಬ್ಬೆರಳು. ಹಿಡಿದಾಗ ಎಲ್ಲರದ್ದೂ ಒಂದೇ ರಾಗ, ಅಯ್ಯೋ ಸಾರ್ ಗೊತ್ತೇ ಆಗ್ಲಿಲ್ಲ, ಬೆರಳು ತಾನಾಗೇ ಹೋಗಿ ಕೂತಿದೆ. ತಾನಾಗೇ! ಬೆರಳಿಗೆ ಬೇರೆ ಮನಸ್ಸಿದೆಯೇನಯ್ಯ, ಅದು ನಿನ್ನನ್ನು ಕೇಳದೆ ಓಡಾಡುತ್ತಾ? ಈ ಮಾತನ್ನು ಎಷ್ಟು ಸಲ ಹೇಳಿದ್ದಾನೋ, ಹೇಳಿ ಎಷ್ಟು ತಕ್ಕಡಿಗಳನ್ನು ಜಪ್ತಿ ಮಾಡಿಸಿದ್ದಾನೋ, ಜೊತೆಗೊಂದು ವಾಕ್ಯವನ್ನೂ ಕೊಡುತ್ತಾನೆ, ಕಳ್ಳ ತಕ್ಕಡಿ ಕಂಡರೆ ದೇವರಿಗೆ ಎಷ್ಟು ಹೇಸಿಗೆ ಅನ್ನುವುದನ್ನು, ಹಣ್ಣಿನವನು ಕೈ ಮುಗಿಯುತ್ತಾನೆ, ದಂಡ ಬೇಕಾದ್ರೆ ಹಾಕಿ ಸಾರ್, ವಾಕ್ಯ ಬೇಡ. ಮನೆಯಲ್ಲೂ ಅಷ್ಟೇ, ತೊಟ್ಟಿಕ್ಕುವ ನಲ್ಲಿಗೆ ಒಂದು ವಾಕ್ಯ, ಗುಡಿಸದ ಮೂಲೆಗೆ ಒಂದು, ತಡವಾಗಿ ಎದ್ದವರಿಗೆ ಇರುವೆಯದ್ದು, ಹೆಚ್ಚು ಮಾತಾಡಿದವರಿಗೆ ನಾಲಿಗೆಯದ್ದು, ಚಿಕ್ಕವಳು ಬೆನ್ನ ಹಿಂದೆ ವಾಕ್ಯದ ಅಂಗಡಿ ಅನ್ನುತ್ತಾಳೆ, ಅವನಿಗೆ ಕೇಳಿಸಿದೆ, ಕೇಳಿಸದವನ ಹಾಗೆ ಇದ್ದಾನೆ. ಅನ್ನಲಿ. ಮಕ್ಕಳ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ.

ಆಗುತ್ತದೆ, ದೊಡ್ಡ ಮಗಳ ಬಾಯಿಗೆ ಹಾಕಿದನಲ್ಲ. ಇದೇ ಮೇಜು, ಇದೇ ಹೊತ್ತು, ಅವತ್ತು ಓದಿದ್ದು ದೇವರು ಕೇಳಿದನೆಂದು ಮಗನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದುಕೊಂಡು ಹೊರಟ ಮುದಿ ತಂದೆಯ ಕಥೆ, ಅವನಿಗೆ ಯಾವಾಗಲೂ ಇಷ್ಟದ ಕಥೆ, ನಂಬಿಕೆ ಅಂದರೆ ಹಾಗಿರಬೇಕು, ಒಂದು ಪ್ರಶ್ನೆಯಿಲ್ಲ, ಎದುರು ಮಾತಿಲ್ಲ, ಕೊನೆಯ ಗಳಿಗೆಯಲ್ಲಿ ದೇವರೇ ಕೈ ಹಿಡಿದು ನಿಲ್ಲಿಸಿದ. ದೊಡ್ಡವಳು ಬ್ರೆಡ್ಡಿನ ಅಂಚು ಕೀಳುತ್ತಾ ಕೇಳಿದಳು, ಅಪ್ಪ, ಆಮೇಲೆ ಮನೆಗೆ ಬಂದ್ರಲ್ಲ, ಆವತ್ತು ರಾತ್ರಿ ಆ ಹುಡುಗ ಅಪ್ಪನ ಪಕ್ಕದಲ್ಲಿ ನಿದ್ದೆ ಮಾಡಿದ್ನಾ? ಇದೆಂಥ ಪ್ರಶ್ನೆ! ಸತ್ಯವೇದದಲ್ಲಿ ಬರೆಯದ್ದನ್ನು ಯಾಕೆ ಕೇಳಬೇಕು? ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ, ಬಾಯಿ ತೆರೆದು ಕೂತವರ ಭಯ ದಿನಾ ನೋಡುವವಳು, ನಾವು ಪ್ರತಿಯೊಬ್ಬರಿಗೂ ಮೊದಲೇ ಹೇಳ್ತೀವಿ ಅಪ್ಪ, ಈಗ ಸೂಜಿ ಚುಚ್ತೀವಿ, ಸ್ವಲ್ಪ ನೋಯುತ್ತೆ ಅಂತ, ಅಷ್ಟು ದೂರ ಜೊತೇಲಿ ನಡೆದ ತಂದೆ ಅಷ್ಟನ್ನಾದ್ರೂ ಹೇಳಬಹುದಿತ್ತಲ್ಲ — ಅವಳ ದನಿಯಲ್ಲಿ ತಮಾಷೆ ಇರಲಿಲ್ಲ, ಅದೇ ಅವನನ್ನು ಹೆಚ್ಚು ಕೆರಳಿಸಿದ್ದು, ತಮಾಷೆಯಾಗಿದ್ದರೆ ಗದರಿಸಿ ಮುಗಿಸುತ್ತಿದ್ದ. ಸ್ವಲ್ಪ ದಿನ ನಾನು ಭಾನುವಾರ ಆರಾಧನೆಗೆ ಬರಲ್ಲ ಅಪ್ಪ, ಕೂತ್ರೆ ಬರೀ ಇದೇ ತಲೇಲಿ ಓಡುತ್ತೆ. ಯಾರು ತುಂಬಿದರು ಇದನ್ನು ತಲೆಗೆ, ಆ ಡಾಕ್ಟರಾ, ಜೊತೆಗಿರುವ ಹುಡುಗಿಯರಾ, ಅಥವಾ ಯಾವನಾದರೂ ಇದ್ದಾನೋ? ಇದ್ದರೆ ಹೇಳು ಅಂದ. ಯಾರೂ ಇಲ್ಲ ಅಪ್ಪ, ನನಗೇ ಬಂದ ಪ್ರಶ್ನೆ. ಸುಳ್ಳು, ಮನುಷ್ಯರಿಗೆ ಅವರವರಿಗೇ ಪ್ರಶ್ನೆ ಬರುವುದಿಲ್ಲ, ಯಾರೋ ಕೊಟ್ಟಿರುತ್ತಾರೆ. ಅವನು ಡಬ್ಬಿಗೆ ಕೈ ಹಾಕಿದ, ಒಂದು ಚೀಟಿ ಎತ್ತಿದ, ಬಂದದ್ದು ನೋಡಿ ಮೈ ಜುಮ್ಮೆಂದಿತು, ಹೇಳಿ ಮಾಡಿಸಿದ ಹಾಗೆ, ಮಕ್ಕಳಾದವರು ಹೆತ್ತವರ ಮಾತು ಕೇಳಬೇಕು ಅನ್ನುವ ವಾಕ್ಯ, ಎತ್ತಿ ಹಿಡಿದು ಗಟ್ಟಿಯಾಗಿ ಓದಿದ, ನೋಡು, ಇದು ನಾನು ಹೇಳ್ತಿಲ್ಲ, ವಾಕ್ಯ ಹೇಳ್ತಿದೆ, ಇದನ್ನ ಕೇಳೋಕಾಗಲ್ಲ ಅಂದ್ರೆ ಈ ಮೇಜಿಗೆ ಕೂರಬೇಡ. ಅವಳು ಅವನ ಮುಖ ನೋಡಲಿಲ್ಲ. ಕೈಯನ್ನೇ ನೋಡುತ್ತಿದ್ದಳು, ಚೀಟಿ ಹಿಡಿದ ಕೈಯನ್ನು, ಬಹಳ ಹೊತ್ತು. ತಪ್ಪಿತಸ್ಥರು ಮುಖ ನೋಡುವುದಿಲ್ಲ ಅಂದುಕೊಂಡ ಅವನು. ಸರಿ ಅಪ್ಪ ಅಂದಳು, ತಟ್ಟೆ ತೊಳೆದಿಟ್ಟಳು, ಸಂಜೆ ಕ್ಲಿನಿಕ್ಕಿನಿಂದ ಮನೆಗೆ ಬರಲಿಲ್ಲ, ಜೊತೆಯವಳ ಕೋಣೆಯಲ್ಲಿ ಇರ್ತಾಳಂತೆ ಅಂತ ಅವಳ ತಾಯಿ ಗೋಡೆಗೆ ಹೇಳುವ ಹಾಗೆ ಹೇಳಿದಳು.

ಆಮೇಲೆ ಒಂದು ದಿನ ಅದೇ ಗೋಡೆಗೆ, ಅವಳು ಊಟಕ್ಕೆ ಬರ್ತಾಳಂತೆ, ಆದ್ರೆ ನೀವೇ ಫೋನ್ ಮಾಡಿ ಬಾ ಅನ್ಬೇಕಂತೆ. ಅಬ್ಬಾ, ಷರತ್ತು! ತಂದೆಗೆ ಮಗಳು ಹಾಕುವ ಷರತ್ತು! ವೇದದಲ್ಲಿ ಅಪ್ಪನ ಆಸ್ತಿ ಕರಗಿಸಿ ತಿರುಗಿ ಬಂದ ಮಗ ಇದ್ದಾನಲ್ಲ, ಅವನೇ ನಡೆದು ಬಂದ, ಫೋನ್ ಮಾಡಿಸಿಕೊಳ್ಳಲಿಲ್ಲ — ಆದರೆ ಆ ತಂದೆ ದೂರದಿಂದಲೇ ಕಂಡು ಓಡಿದನಲ್ಲ, ದಿನಾ ದಾರಿ ನೋಡದವನಿಗೆ ದೂರದಿಂದ ಕಾಣುತ್ತದೆಯೇ, ಇರಲಿ, ಅದು ಬೇರೆ ವಿಷಯ. ನಾನು ತೀರ್ಮಾನ ಮಾಡೋನಲ್ಲ, ವಾಕ್ಯ ತೀರ್ಮಾನ ಮಾಡ್ಲಿ, ಡಬ್ಬೀಲಿ ಏನು ಬರುತ್ತೋ ಹಾಗೆ ಅಂದುಬಿಟ್ಟ. ಮರುದಿನ ಎತ್ತಿದ, ಗುಬ್ಬಚ್ಚಿ ಬಂತು, ಒಂದೂ ದೇವರ ಲೆಕ್ಕ ತಪ್ಪಿ ಬೀಳುವುದಿಲ್ಲ ಅನ್ನುವುದು. ಅದರ ಮರುದಿನ ಭಾರ ಹೊತ್ತವರಿಗೆ ವಿಶ್ರಾಂತಿ. ಆಮೇಲೆ ಕರುಣೆ, ಆಮೇಲೆ ಕುರುಬ, ಆಮೇಲೆ ಮತ್ತೆ ಗುಬ್ಬಚ್ಚಿ. ಒಂದಾದರೂ ಗದರುವ ವಾಕ್ಯ ಬೇಡವೇ? ದೇವರೇನು ಬರೀ ಬೆಲ್ಲ ತುಂಬಿದವನೇ, ಬೆಂಕಿಯೂ ಇದೆ, ಕತ್ತಿಯೂ ಇದೆ, ಬೆತ್ತವೂ ಇದೆ, ಎಲ್ಲ ಈ ಡಬ್ಬಿಯಲ್ಲೇ ಇದ್ದವು, ಅವನು ಓದಿದ್ದಾನೆ. ಒಂದೇ ಕಡೆ ವಾಲುವ ತಕ್ಕಡಿ ಕಂಡರೆ ಯಾರೂ ಅದನ್ನು ಪವಾಡ ಅನ್ನುವುದಿಲ್ಲ. ಯಾರಿಗೂ ಹೇಳದೆ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಹೋದ, ಅಂಗಡಿ ಬಟ್ಟುಗಳನ್ನು ಪರೀಕ್ಷೆ ಮಾಡುವ ಗಾಜಿನ ಪೆಟ್ಟಿಗೆಯೊಳಗಿನ ನಾಜೂಕು ತಕ್ಕಡಿಯಲ್ಲಿಟ್ಟು ತೂಗಿದ, ಗುಮಾಸ್ತ ಇಣುಕಿದ, ಏನ್ ಸಾರ್ ಚಿನ್ನಾನಾ? ನಿನ್ನ ಕೆಲಸ ನೋಡ್ಕೋ. ಚೀಟಿ ಸೇರಿಸಿದ್ದರೆ ಭಾರ ಏರಬೇಕು, ತೆಗೆದಿದ್ದರೆ ಇಳಿಯಬೇಕು, ಅಷ್ಟೇ, ಇದರಲ್ಲಿ ದೇವದೂಷಣೆ ಏನಿದೆ? ನಿನ್ನೆ ಮತ್ತೆ ಒಯ್ದು ತೂಗಿದ. ಕಡಿಮೆ ಬಂತು, ನಾಲ್ಕು ಗ್ರಾಂ. ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದಿದ್ದವನಿಗೆ ಆ ಕ್ಷಣದಲ್ಲಿ ಆದದ್ದು ಸಂತೋಷ, ಹೌದು, ಸಂತೋಷವೇ, ಕಳ್ಳ ಸಿಕ್ಕಾಗ ಆಗುವಂಥದ್ದು. ಈಗ ನೆನೆಸಿಕೊಂಡರೆ ಸ್ವಲ್ಪ ಹೇಸಿಗೆಯಾಗುತ್ತದೆ.

ಹೆಂಡತಿ ಲೋಟ ತಂದಿಟ್ಟಳು, ಚಿಕ್ಕವಳು ಬಂದು ಕೂತಳು, ತಲೆ ಬಗ್ಗಿಸಿ. ಎತ್ತಿ ಅಂದಳು ಹೆಂಡತಿ. ಎತ್ತಲ್ಲ, ಇದರಲ್ಲಿ ಚೀಟಿ ಕಡಿಮೆಯಾಗಿವೆ, ಯಾರು ತೆಗೆದದ್ದು? ಹೇಗೆ ಗೊತ್ತು ನಿಮಗೆ? ತೂಗಿ ನೋಡಿದೆ. ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ವಾಕ್ಯಾನ ತೂಕಕ್ಕೆ ಹಾಕಿದ್ರೇನ್ರೀ, ಅಯ್ಯೋ ನನ್ನ ದೇವರೇ, ಮತ್ತೆ ನಗು ಎಲ್ಲಿಗೋ ಹೋಯಿತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನೇ ತೆಗೆದೆ. ಎಲ್ಲಿಟ್ಟಿದ್ದೀಯ? ಎಲ್ಲೂ ಇಟ್ಟಿಲ್ಲ, ಗ್ಯಾಸಿನ ಉರೀಲಿ ಸುಟ್ಟೆ, ಬೂದಿ ಸಿಂಕಿಗೆ ಹಾಕಿ ನೀರು ಬಿಟ್ಟೆ. ಸುಟ್ಟಳು! ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಮೊಣಕಾಲೂರುವವಳು, ವೇದವನ್ನು ಕೆಳಗಿಟ್ಟವರ ಕೈಗೆ ಹೊಡೆಯುವವಳು, ಜ್ವರದಲ್ಲೂ ಪ್ರಾರ್ಥನೆ ತಪ್ಪಿಸದವಳು, ಇವಳು ವಾಕ್ಯ ಸುಟ್ಟಳೇ? ಹುಚ್ಚೇನೇ ನಿಂಗೆ, ದೇವರ ಮಾತನ್ನ ಸುಡೋದಾ? ದೇವರು ಹೇಳಿದಾಗ ಅದು ದೇವರ ಮಾತು ಕಣ್ರೀ, ನಿಮ್ಮ ಕೈಗೆ ಬಂದ್ಮೇಲೆ ಅದು ಕಲ್ಲು, ಒಂದನ್ನೆತ್ತಿ ಅವಳಿಗೆ ಹೊಡೆದ್ರಿ, ಹೋದ್ಲು, ಅವತ್ತಿಂದ ಅಂಥವನ್ನ ಒಂದೊಂದಾಗಿ ಸುಡ್ತಾ ಬಂದೆ, ಮೊನ್ನೆ ಇವಳು ಕನ್ನಡಿ ಮುಂದೆ ನಿಂತಿದ್ದಕ್ಕೆ ಡಬ್ಬಿ ಕೆದಕಿ ಇನ್ನೊಂದು ಹುಡುಕಿದ್ರಿ, ಅದನ್ನೂ ಸುಟ್ಟೆ, ನಿನ್ನೆ ರಾತ್ರಿ ಕೊನೆಯವನ್ನೂ ಸುಟ್ಟೆ, ಇವಳೂ ಹೋದ್ರೆ ನಾನು ಯಾರ ಜೊತೆ ಪ್ರಾರ್ಥನೆ ಮಾಡ್ಲಿ? ಚಿಕ್ಕವಳು ತಲೆ ಎತ್ತಲಿಲ್ಲ. ಅಂದರೆ ನನ್ನ ಮನಸ್ಸು ತಿರುಗಿಸೋಕೆ ಆಟ ಕಟ್ಟಿದ್ದೀರಿ, ಬರೀ ಮೆತ್ತಗಿನವು ಬರಲಿ ಅಂತ. ನಿಮ್ಮ ಮನಸ್ಸಿನ ಆಸೆ ನಾನು ಯಾವತ್ತೋ ಬಿಟ್ಟಿದೀನಿ, ಕಲ್ಲು ಸಿಗಬಾರದು, ಅಷ್ಟೇ. ಅವಳು ಲೋಟ ಅವನ ಕಡೆ ತಳ್ಳಿದಳು, ತಣ್ಣಗಾಗುತ್ತೆ ಕುಡೀರಿ, ಮತ್ತೆ ಏನೋ ನೆನಪಾದವಳ ಹಾಗೆ ಅಂದಳು, ಅವತ್ತು ಅವಳಿಗೆ ಓದಿದ್ರಲ್ಲ, ಅದನ್ನ ಉರಿಗೆ ಹಿಡಿಯೋ ಮುಂಚೆ ನಾನು ಪೂರ್ತಿ ಓದಿದೆ. ಕೆಳಗಿನ ಸಾಲೂ ಓದಿದೆ.

ಕೆಳಗಿನ ಸಾಲು. ಇತ್ತೇ? ಇತ್ತು, ಆ ಮಾತು ವೇದದಲ್ಲಿ ಒಂಟಿಯಾಗಿ ಬರುವುದಿಲ್ಲ, ಅವನಿಗೆ ಬಾಯಿಪಾಠ, ಮೊದಲು ಮಕ್ಕಳಿಗೆ, ಅದರ ಬೆನ್ನಿಗೇ ತಂದೆಗಳಿಗೆ, ಮಕ್ಕಳನ್ನು ಕೆಣಕಿ ಕೆಣಕಿ ಅವರ ಎದೆ ಕುಗ್ಗಿಸಬೇಡಿ ಅಂತ, ಎರಡೂ ಸೇರಿಯೇ ಒಂದು ತೂಕ, ಚೀಟಿಯಲ್ಲೂ ಎರಡು ಸಾಲಿತ್ತು, ಮೇಲೊಂದು ಕೆಳಗೊಂದು, ಹಾಗಾದರೆ ಅವತ್ತು ಕೆಳಗಿನದು ಯಾಕೆ ಕಾಣಲಿಲ್ಲ, ಕನ್ನಡಕ ಇತ್ತು, ಬೆಳಕಿತ್ತು, ಚೀಟಿ ಎಡಗೈಯಲ್ಲಿತ್ತು, ಅಲ್ಲ, ಬಲಗೈ, ಹೀಗೆ ಹಿಡಿದಿದ್ದ, ಹೀಗೆ — ಖಾಲಿ ಕೈಯನ್ನು ಹಾಗೆ ಎತ್ತಿ ಹಿಡಿದು ನೋಡಿದ, ನಾಲ್ಕು ಬೆರಳು ಹಿಂದೆ, ಹೆಬ್ಬೆರಳು ಮುಂದೆ, ಚೀಟಿ ಇದ್ದಿದ್ದರೆ ಕೆಳಗಿನ ಅರ್ಧ ಸರಿಯಾಗಿ ಅದರ ಅಡಿಯಲ್ಲಿ. ಗೊತ್ತೇ ಆಗಲಿಲ್ಲ, ತಾನಾಗೇ ಹೋಗಿ ಕೂತಿದೆ. ಛೆ, ಈ ಮಾತು ಯಾರದ್ದು, ಹಣ್ಣಿನವನದ್ದು, ಕಿರಾಣಿಯವನದ್ದು, ಬಾಯಿಗೆ ಹೇಗೆ ಬಂತು? ಇಲ್ಲ, ಇವಳು ಕಟ್ಟಿದ ಮಾತಿದು, ಚೀಟಿ ಸುಟ್ಟಾಗಿದೆ, ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲದ ಕೇಸು ನಿಲ್ಲುವುದಿಲ್ಲ — ದೊಡ್ಡವಳು ಅವತ್ತು ಮುಖ ಬಿಟ್ಟು ಕೈ ನೋಡುತ್ತಿದ್ದಳಲ್ಲ, ಬಹಳ ಹೊತ್ತು, ಅವಳಿಗೂ ಬಾಯಿಪಾಠವೇ, ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವನು ಅವನೇ, ಎರಡು ಸಾಲನ್ನೂ. ನೋಡಿದಳು, ಅವಳು ನೋಡಿದಳು, ನೋಡಿಯೂ ಒಂದು ಮಾತು ಆಡದೆ ಸರಿ ಅಪ್ಪ ಅಂದಳು. ಗಿರಾಕಿಗಳೂ ಹಾಗೆಯೇ, ಕೆಲವರು ಬೆರಳು ಕಂಡರೂ ಏನೂ ಅನ್ನುವುದಿಲ್ಲ, ನಾಳೆಯಿಂದ ಆ ಅಂಗಡಿಗೆ ಬರುವುದಿಲ್ಲ. ಅವನಿಗೆ ನಾಚಿಕೆಯಾಯಿತು, ಹೆಂಡತಿ ಮಗಳ ಎದುರು ತಲೆ ಎತ್ತಲಾಗದಂಥ ನಾಚಿಕೆ.

ಫೋನು ಮೇಜಿನ ಮೇಲೇ ಇದೆ. ಡಬ್ಬಿಯೂ ಇದೆ, ಇನ್ನೊಂದು ಎತ್ತಿ ನೋಡಲೇ ಅನಿಸಿತು, ಕೊನೆಯ ಸಲ, ಗುಬ್ಬಚ್ಚಿ ಬಂದರೆ ಮಾಡುತ್ತೇನೆ — ಮತ್ತೆ ಅದೇ ಬುದ್ಧಿ, ಮುಚ್ಚಳ ಒತ್ತಿದ, ಟಕ್. ಚಿಕ್ಕವಳು ಈಗ ತಲೆ ಎತ್ತಿದ್ದಾಳೆ. ಏನು ಹೇಳುವುದು, ಬಾ ಅನ್ನುವುದು, ಒಂದಕ್ಷರ, ಅದಕ್ಕೆ ವಾಕ್ಯ ಬೇಡ, ವಾಕ್ಯವಿಲ್ಲದೆ ಅವಳ ಹತ್ತಿರ ಎಂದು ಮಾತಾಡಿದ್ದಾನೆ, ನೆನಪಾಗುತ್ತಿಲ್ಲ, ಪರದೆಯ ಮೇಲೆ ಅವಳ ಮುದ್ದಿನ ಹೆಸರು, ಒತ್ತಿದ, ಸ್ಪೀಕರಿನಲ್ಲಿ ರಿಂಗಾಗುತ್ತಿದೆ, ಎತ್ತದಿದ್ದರೆ ಒಳ್ಳೆಯದು, ಎತ್ತದಿದ್ದರೆ ನಾನು ಮಾಡಿದ್ದೆ ಅವಳೇ ಎತ್ತಲಿಲ್ಲ ಅನ್ನಬಹುದು, ನೋಡು ನೋಡು, ಬೆರಳು ಹೇಗೆ ಹೋಗಿ ಕೂರುತ್ತದೆ — ಎತ್ತಿದಳು. ಅಪ್ಪ? ದನಿಯಲ್ಲಿ ಭಯ. ಅಪ್ಪ, ಏನಾಯ್ತು, ಅಮ್ಮನಿಗೇನಾದ್ರೂ ಆಯ್ತಾ? ತಂಗಿ ಹುಷಾರಾಗಿದ್ದಾಳಾ? ಏನೋ ಆಗದೆ ನೀವು ಫೋನ್ ಮಾಡಲ್ಲ, ನಿಜ ಹೇಳಿ ಅಪ್ಪ, ಮೊದಲೇ ಹೇಳಿಬಿಡಿ. ಯಾರಿಗೂ ಏನೂ ಆಗಿಲ್ಲ ಅನ್ನಬೇಕು, ಬಾಯಿ ತೆರೆದ, ಅಪ್ಪ ಮಾತಾಡಿ, ಅಪ್ಪ, ಅವನು ಎರಡೂ ಕೈಯಲ್ಲಿ ಫೋನು ಹಿಡಿದು ನೋಡುತ್ತಲೇ ಇದ್ದಾನೆ, ಅವಳ ಹೆಸರಿನ ಮೊದಲ ಅಕ್ಷರ ಮಾತ್ರ ಕಾಣುತ್ತಿದೆ, ಉಳಿದದ್ದರ ಮೇಲೆ ಹೆಬ್ಬೆರಳು, ಒತ್ತಿ ಒತ್ತಿ ಉಗುರು ಬೆಳ್ಳಗಾದ ಹೆಬ್ಬೆರಳು