ತಾಯಿಯ ಕಡೆಯಿಂದ ಬಂದದ್ದು

ಕರೆಂಟು ಹೋದ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೊಂದು ಬಿಗಿದುಕೊಂಡು ನಿಂತಿತ್ತು. ಲಾಳಿ ಎಳೆಗಳ ನಡುವೆ ತಂಗಿತ್ತು. ಗವಾಕ್ಷಿಯಿಂದ ಇಳಿದ ಬೆಳಕು ನೇಯ್ದಷ್ಟನ್ನು ದಾಟಿ, ಇನ್ನೂ ಬಟ್ಟೆಯಾಗದ ಹಾಸಿನ ಮೇಲೆ ಮಲಗಿತ್ತು. ಅಂಚಿನ ಕೆಂಪು ಎಲ್ಲಿ ಮುಗಿದು ಒಡಲಿನ ಹಸಿರು ಎಲ್ಲಿ ಮೊದಲಾಗುತ್ತದೆಂಬುದು ಆ ಬೆಳಕಿನಲ್ಲಿ ಸ್ಪಷ್ಟವಾಗಿತ್ತು.

ಎದುರಿಗೆ ಕುಳಿತಿದ್ದ ರಾಮಾಂಜಿನಪ್ಪನಿಗೆ ಅದು ಕಾಣುತ್ತಿರಲಿಲ್ಲ. ನೇರವಾಗಿ ನೋಡಿದ್ದೆಲ್ಲ ಅವನಿಗೆ ಬೂದಿ. ನೋಟದ ಬದಿಗಳಲ್ಲಿ ಮಾತ್ರ ಒಂದಿಷ್ಟು ಲೋಕ ಉಳಿದಿತ್ತು. ಮೂವತ್ತೆರಡು ವರ್ಷಗಳಿಂದ ಹೀಗೆಯೇ. ಎಳೆ ಕಡಿದದ್ದನ್ನು ಅವನು ಮಗ್ಗದ ಸದ್ದಿನಿಂದ ತಿಳಿಯುತ್ತಿದ್ದ.

ತಂಗಿ ಗಂಗಲಕ್ಷ್ಮಮ್ಮ ಬಂದು ಪಕ್ಕದಲ್ಲಿ ಕುಳಿತಳು.

"ಅಂಬರೀಶನ ರಿಪೋರ್ಟು ಬಂತಣ್ಣ. ನಿಂಗೆ ಬಂದಿದ್ದೇ ಅವನಿಗೂ."

ಅವನು ತಲೆಯಾಡಿಸಿದ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಯಂತ್ರದ ಕೆಂಪು ದೀಪ ಮಂಕಾಗಿದೆಯೆಂದು ಸೋದರಳಿಯ ಹೇಳಿದ ದಿನವೇ ಅವನಿಗೆ ಗೊತ್ತಾಗಿತ್ತು.

"ಡಾಕ್ಟ್ರು ಏನಂದ್ರು?"

"ತಾಯಿಯಿಂದ ಮಾತ್ರ ಬರೋದಂತೆ. ಅಮ್ಮನಿಂದ ನಮ್ಮಿಬ್ಬರಿಗೂ ಬಂದಿದೆ. ನನ್ನ ಕಣ್ಣಿಗೇನೂ ಆಗಿಲ್ಲ, ಅಷ್ಟೆ. ನನ್ನ ಮಗಳು ಪ್ರಮೋದಾಳಲ್ಲೂ ಇರುತ್ತಂತೆ. ಅವಳ ಮಕ್ಕಳ ಕಣ್ಣು ಹೋಗಬಹುದು, ಹೋಗದೇನೂ ಇರಬಹುದು."

"ಗಂಡಸರಿಂದ ಮಕ್ಕಳಿಗೆ?"

ಅವಳು ತಡೆದು ಹೇಳಿದಳು: "ಹೋಗಲ್ವಂತೆ."

ಮೂವತ್ತೆರಡು ವರ್ಷದ ಹಿಂದೆ ಒಂದೇ ಚಪ್ಪರದಡಿ ಅಣ್ಣ ತಂಗಿಯರಿಬ್ಬರ ಮದುವೆ ಗೊತ್ತಾಗಿತ್ತು. ಎರಡು ತಿಂಗಳಿರುವಾಗ ಅವನ ನೋಟ ಅಳಿಯಿತು. ಅವನ ಸೋದರಮಾವನಿಗೂ ಹಾಗೇ ಆಗಿತ್ತು. ಗಂಡಸರಿಗೆ ಬರುವುದನ್ನು ಗಂಡಸರೇ ದಾಟಿಸುತ್ತಾರೆಂದು ಎಲ್ಲರೂ ತಿಳಿದರು. ಇದು ನನ್ನಲ್ಲೇ ಮುಗಿಯಲಿ, ಮದುವೆ ಬೇಡ ಎಂದು ಅವನೇ ಹೆಣ್ಣಿನ ಮನೆಗೆ ಹೇಳಿಕಳಿಸಿದ. ಹಿರಿಯರು ಮೆಚ್ಚಿದರು. ಹಸೆಮಣೆಯ ಮೇಲೆ ತಂಗಿಯೊಬ್ಬಳೇ ಕುಳಿತಳು.

ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡುವಂತೆ ಅವನು ಈಗ ಆ ಹೆಣ್ಣಿನ ಹೆಸರನ್ನು ಮುಟ್ಟಿ ನೋಡಿದ: ಮುತ್ತಮ್ಮ. ಏನೂ ಆಗಲಿಲ್ಲ.

"ಭಾನುವಾರ ನೆಲಮಂಗಲದಿಂದ ಅಮರ್ ಮನೆಯವರು ಪ್ರಮೋದಾಗೆ ಹೂ ಮುಡಿಸೋಕೆ ಬರ್ತಾರೆ," ಎಂದಳು ತಂಗಿ. "ಪ್ರಮೋದಾಳ ಅಪ್ಪನ ಕಡೆ ಏಳು ತಲೆಮಾರು ವಿಚಾರಿಸಿದ್ದಾರೆ. ಏನೂ ಸಿಕ್ಕಿಲ್ಲ. ನಿನ್ನ ಕೇಳ್ತಾರೆ. ಬಣ್ಣದ ನೀರು ಹಾರಿ ಕಣ್ಣು ಹೋಯ್ತು ಅಂದ್ಬಿಡು. ಅಂಬರೀಶನನ್ನ ಎಲ್ಲಾದ್ರೂ ಕಳಿಸ್ತೀನಿ."

"ಪ್ರಮೋದಾಗೆ ಹೇಳಿದ್ಯಾ?"

"ಯಾಕೆ ಹೇಳ್ಬೇಕು? ನಂಗೆ ಯಾರು ಹೇಳಿದ್ರು?"

ಅಷ್ಟರಲ್ಲಿ ಪ್ರಮೋದಾ ಟೀ ಫ್ಲಾಸ್ಕು ಹಿಡಿದು ಬಂದಳು. "ಏನ್ ಮಾವ, ಕರೆಂಟ್ ಹೋಗಿ ಬೀದಿಗೆಲ್ಲಾ ರಜ, ನೀನೊಬ್ಬ ಮಗ್ಗ ಕಾಯ್ತಿದ್ದೀಯ. ಅದೇನು ಓಡಿಹೋಗುತ್ತಾ?"

"ಕೂತ್ಕೋಮ್ಮ."

ಅವನು ಎಲ್ಲವನ್ನೂ ಕ್ರಮವಾಗಿ, ದನಿ ಏರಿಸದೆ ಹೇಳಿದ. ನಡುವೆ ತಂಗಿ ಒಮ್ಮೆ "ಅಣ್ಣಾ" ಎಂದಳು.

"ಅಂದ್ರೆ ನೀನು ಮದುವೆ ಆಗಬಹುದಿತ್ತು," ಎಂದಳು ಪ್ರಮೋದಾ.

"ಆಗಬಹುದಿತ್ತು. ನಾನು ಏನೂ ಗೊತ್ತಿಲ್ದೆ ತೀರ್ಮಾನ ಮಾಡ್ದೆ. ನೀನು ಗೊತ್ತಿದ್ದು ಮಾಡು. ಬಣ್ಣದ ನೀರು ಅನ್ನು ಅಂದ್ರೆ ಅನ್ತೀನಿ. ಆದ್ರೆ ಅದನ್ನ ನೀನು ಹೇಳ್ಬೇಕು, ನಿಮ್ಮಮ್ಮ ಅಲ್ಲ."

ಬೇಲಿಯಾಚೆ ಯಾರದೋ ಸ್ಕೂಟರು ಸ್ಟಾರ್ಟಾಗದೆ ಕೆಮ್ಮುತ್ತಿತ್ತು.

"ಬೇಡ ಮಾವ," ಎಂದಳು ಪ್ರಮೋದಾ. "ಅಮರ್‌ಗೆ ನಾನೇ ಹೇಳ್ತೀನಿ. ಈಗಲೇ."

"ಅವರು ಬರಲ್ಲ ಕಣೇ," ಎಂದಳು ತಾಯಿ.

"ಬರದಿದ್ರೆ ಇಪ್ಪತ್ತು ಜನದ ಅಡುಗೆ ಉಳೀತು ಬಿಡಮ್ಮ."

ಯಾರೂ ನಗಲಿಲ್ಲ. ಅವಳು ಎರಡು ಲೋಟಗಳಿಗೆ ಟೀ ಬಗ್ಗಿಸಿದಳು. ಒಂದನ್ನು ತಾಯಿಯ ಮುಂದಿಟ್ಟಳು. ಇನ್ನೊಂದನ್ನು ಮಾವನ ಅಂಗೈಗೆ ತಂದು, ಬೆರಳುಗಳು ಅದನ್ನು ಸುತ್ತುವವರೆಗೂ ಹಿಡಿದಿದ್ದಳು. ರಾಮಾಂಜಿನಪ್ಪ ಅವಳು ನಿಂತಿದ್ದ ಕಡೆಗೆ ಮುಖ ತಿರುಗಿಸಿದ, ಅಲ್ಲಿ ಬೂದಿಯಿತ್ತು. ಮುಖವನ್ನು ಸ್ವಲ್ಪ ವಾರೆ ಮಾಡಿದಾಗ, ಫೋನನ್ನು ಕಿವಿಗೆ ಹಿಡಿದು ಹೊರಟ ಒಂದು ಹೆಗಲು ಮಾತ್ರ ಕಂಡಿತು.

"ಹಲೋ, ಅಮರ್," ಎಂದದ್ದು ಕೇಳಿಸಿತು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.