ಖಾಲಿ ಫೈಲಿನಲ್ಲಿ ನನ್ನ ಹೆಸರು

ಮಾದಾಪುರದಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಕೂತು ಇತರರ ತಪ್ಪು ಹೆಕ್ಕಿ ಹೆಕ್ಕಿ ನನಗೆ ಸಾಕಾಗಿತ್ತು. ಪ್ರೋಗ್ರಾಮ್ ಬರೆಯುವವರ ಹೊಸ ತಂಡದಲ್ಲಿ ಒಂದೇ ಜಾಗವಿತ್ತು. ಅದು ನನಗೆ ಬೇಕಿತ್ತು. ತಂಡದ ಮುಖ್ಯಸ್ಥರು ಹುಬ್ಬಳ್ಳಿಯ ಶಿವಾನಂದ.

"ವೈಟ್‌ಸ್ಪೇಸ್ ಅಂತ ಒಂದು ಹುಚ್ಚು ಭಾಷಾ ಐತ್ರಿ ಮಂದಾಕಿನಿ. ಅದರಾಗ ನಿಮ್ಮ ಹೆಸರು ಬರೂ ಹಂಗ ಪ್ರೋಗ್ರಾಮ್ ಬರೀರಿ. ಶುಕ್ರವಾರ ಎಲ್ಲಾರ ಮುಂದ ಓಡಿಸಿ ತೋರಸ್ರಿ. ಓಡಿದ್ರ ಜಾಗ ನಿಮ್ಮದು."

ಹುಚ್ಚು ಭಾಷೆಯೇ ಸರಿ. ಅದರಲ್ಲಿ ಅಕ್ಷರವಿಲ್ಲ, ಅಂಕಿಯಿಲ್ಲ. ಸ್ಪೇಸ್, ಟ್ಯಾಬ್, ಎಂಟರ್ ಇಷ್ಟೇ ಅದರ ವರ್ಣಮಾಲೆ. ಪುಟ ತುಂಬ ಬರೆದರೂ ಏನೂ ಕಾಣುವುದಿಲ್ಲ. ಕಪ್ಪು ತೆರೆಯಲ್ಲಿ ಫೈಲಿನ ಹೆಸರು ಟೈಪಿಸಿ ಇಂಟರ್‌ಪ್ರಿಟರ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ಅದು ಆ ಖಾಲಿ ಜಾಗವನ್ನೇ ಓದಿ, ಹೇಳಿದ್ದನ್ನು ಮಾಡುತ್ತದೆ.

ವಾರವಿಡೀ ಮಲ್ಕಾಜ್‌ಗಿರಿಯಿಂದ ಆಫೀಸಿಗೆ ಹೋಗುವ ಕ್ಯಾಬಿನಲ್ಲಿ, ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿ, ಯಾವ ಕೀಲಿಯ ನಂತರ ಯಾವುದೆಂದು ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂರುವ ಬೀದರಿನ ರಾಹುಲನೂ ಅದೇ ಜಾಗದ ಮೇಲೆ ಕಣ್ಣಿಟ್ಟಿದ್ದ.

"ತಬಲಾ ಕಲ್ಯಾಕತ್ತೀರೇನ್ರಿ ಅಕ್ಕಾ?" ಎಂದು ಕಿಚಾಯಿಸಿದ.

ಗುರುವಾರ ಪ್ರೋಗ್ರಾಮ್ ಸರಿಯಾಗಿ ಓಡಿತು. ಶುಕ್ರವಾರ ಸಂಜೆ ಎಲ್ಲರೂ ನನ್ನ ಸುತ್ತ ನಿಂತಾಗ ಓಡಿಸಿದೆ. ಏನೂ ಬರಲಿಲ್ಲ. ಮತ್ತೊಮ್ಮೆ ಓಡಿಸಿದೆ. ಫೈಲಿನ ಗಾತ್ರ ನೋಡಿದರೆ ಸೊನ್ನೆ.

ಆಗ ಹೊಳೆಯಿತು. ಬೇಡದ ಸ್ಪೇಸು, ಟ್ಯಾಬು, ಖಾಲಿ ಸಾಲುಗಳನ್ನು ಅಳಿಸುವ ಸಣ್ಣ ಪ್ರೋಗ್ರಾಮೊಂದು ನಮ್ಮ ಆಫೀಸಿನಲ್ಲಿತ್ತು. ಅದರಲ್ಲಿ ಹಾಯಿಸದೆ ಯಾವ ಫೈಲನ್ನೂ ಕಳಿಸಬಾರದೆಂದು ನಿಯಮ ಮಾಡಿ, ಕಂಡಕಂಡವರನ್ನು ಬೈದವಳು ನಾನೇ. ಬೆಳಿಗ್ಗೆ ಅಭ್ಯಾಸಬಲದಿಂದ ನನ್ನ ಫೈಲನ್ನೂ ಹಾಯಿಸಿಬಿಟ್ಟಿದ್ದೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ.

"ಅಕ್ಕಾರು ಭಾಳ ಸ್ವಚ್ಛ ಮಾಡ್ಯಾರ್ರಿ," ಎಂದ ರಾಹುಲ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಇರ್ಲಿ ಬಿಡ್ರಿ, ಮುಂದ ನೋಡೋಣು," ಎಂದರು ಶಿವಾನಂದ.

"ಮುಂದ ಯಾಕ್ರಿ? ಈಗ ಬರೀತೀನಿ. ನಿಂದರ್ರಿ."

ಹೊಸ ಫೈಲು ತೆರೆದೆ. ಹೆಬ್ಬೆರಳಿಗೆ ಸ್ಪೇಸ್, ಎಡಗಿರುಬೆರಳಿಗೆ ಟ್ಯಾಬ್, ಬಲಗಿರುಬೆರಳಿಗೆ ಎಂಟರ್. ತಪ್ಪಿದರೂ ಎಲ್ಲಿ ತಪ್ಪಿತೆಂದು ಕಾಣುವಂತಿರಲಿಲ್ಲ. ಕೆಳಗೆ ಮನೆಗೆ ಬಿಡುವ ಕ್ಯಾಬ್ ಡ್ರೈವರ್ ಹಾರ್ನ್ ಹೊಡೆದ. ಇಬ್ಬರು ಮೆಲ್ಲಗೆ ಜಾರಿಕೊಂಡರು. ಅರ್ಧ ಹೆಸರಾಗುವಷ್ಟರಲ್ಲಿ ಬೆರಳು ನಿಲ್ಲಿಸಿದೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ? ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಡಬ್ಬಿಯ ಮುಚ್ಚಳ ನೆನೆದುಕೊಂಡೆ. ಬೆರಳುಗಳು ದಾರಿ ಹಿಡಿದವು.

ಓಡಿಸಿದೆ. ಕಪ್ಪು ತೆರೆಯ ಮೇಲೆ ನನ್ನ ಹೆಸರು ಬಂತು, ಪೂರ್ತಿಯಾಗಿ. ಈ ಸಲ ರಾಹುಲ ನಗಲಿಲ್ಲ.

ಶಿವಾನಂದ ಬಗ್ಗಿ ಒಮ್ಮೆ ಓದಿಕೊಂಡರು. "ಸೋಮವಾರದಿಂದ ನಮ್ಮ ಕಡೆ ಬರ್ರಿ. ಆ ಫೈಲ್ ನನಗೂ ಕಳಸ್ರಿ, ಇಟ್ಕೋತೀನಿ."

"ಕಳಸಾಕ ಬರೂದಿಲ್ರಿ," ಎಂದೆ. "ಕಳಸೂ ಫೈಲ್ ಎಲ್ಲಾ ಮೊದಲ ಸ್ವಚ್ಛ ಆಗಬೇಕು. ರೂಲ್ ನಂದ ಐತಿ. ಬೇಕಂದ್ರ ಸೋಮವಾರ ಮತ್ತ ಬರದು ತೋರಸ್ತೀನಿ."